ಬೀಸುಬಲೆಗೆ ಬಿದ್ದ ಮೀನು ಈಜುತ್ತಿರಬೇಕು

ಬೀಸುಬಲೆ ಅಂದ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಆ ಒಂದು ಎಸೆತದ ಮೇಲೆ. ಕೈಬಿಟ್ಟ ಬಲೆ ಗಾಳಿಯಲ್ಲೇ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುವುದು ನೋಡೋಕೆ ಚಂದ, ಅದರಲ್ಲಿ ಎರಡು ಮಾತಿಲ್ಲ. ಹೊಸದಾಗಿ ಕಲಿಯುವವರು ಕೇಳುವುದೂ ಅದನ್ನೇ: ಬಲೆ ದುಂಡಗೆ ಬೀಳಬೇಕಾದರೆ ಏನು ಮಾಡಬೇಕು? ಆದರೆ ದೊಡ್ಡ ಮೀನಿಗೆ ಗಾಳ ಹಾಕಲು ಜೀವಂತ ಸಣ್ಣ ಮೀನೇ ಎರೆಯಾಗಿ ಬೇಕು ಅಂತ ಬಲೆ ಬೀಸುವವರಿಗೆ ಅದು ಎರಡನೇ ಪ್ರಶ್ನೆ. ಮೊದಲನೆಯದು ಬೇರೆ. ಈಗ ಸಿಕ್ಕ ಸಣ್ಣ ಮೀನು ಇನ್ನೆರಡು ಗಂಟೆ ಕಳೆದ ಮೇಲೆ ಹೇಗಿರುತ್ತದೆ?

ಊಟಕ್ಕೆಂದು ಬೀಸುವವರಿಗೆ ಮೀನು ದಡ ಸೇರಿದರೆ ಕೆಲಸ ಮುಗಿಯಿತು. ಎರೆಗೆಂದು ಬೀಸುವವರಿಗೆ ಅಲ್ಲಿಂದ ಕೆಲಸ ಶುರು. ಬಲೆ ಅದೇ, ಕೈಯೂ ಅದೇ. ಆದರೆ ಸಿಕ್ಕಿದ್ದು ಚುರುಕಾಗಿ ಈಜುತ್ತಿರಬೇಕು ಅನ್ನುವ ಒಂದೇ ಷರತ್ತು ಎಲ್ಲವನ್ನೂ ಬದಲಾಯಿಸಿಬಿಡುತ್ತದೆ. ಎಂಥ ಬಲೆ ಕೊಳ್ಳಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಮೆಲ್ಲಗೆ ಎಳೆಯಬೇಕು, ಬಕೆಟ್ಟಿಗೆ ಎಷ್ಟು ಮೀನು ಬಿಡಬೇಕು, ಎಲ್ಲಾ. ಎಸೆತದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಈ ಷರತ್ತಿನ ಬಗ್ಗೆ ಎರಡು ನಿಮಿಷವೂ ಮಾತಾಡುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಜೀವಂತ ಎರೆಯೇ ಯಾಕೆ ಬೇಕು? ಸತ್ತ ಎರೆಗೂ ಮೀನು ಬೀಳುತ್ತದೆ. ತಳ ಕೆದಕಿ ತಿನ್ನುವ ಮೀನುಗಳು ವಾಸನೆ ಹಿಡಿದು ಬಂದೇ ಬರುತ್ತವೆ. ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಮೀನುಗಳ ರೀತಿ ಬೇರೆ. ಮೀನಿನ ಎರಡೂ ಮಗ್ಗುಲಲ್ಲಿ ತಲೆಯಿಂದ ಬಾಲದ ತನಕ ಒಂದು ಸಣ್ಣ ಗೆರೆ ಓಡುತ್ತದಲ್ವಾ, ಶಾಲೆಯಲ್ಲಿ ಪಾರ್ಶ್ವರೇಖೆ ಅಂತ ಓದಿರುತ್ತೇವೆ. ಆ ಗೆರೆಯುದ್ದಕ್ಕೂ ಕೂದಲಿನಷ್ಟು ಸಣ್ಣ ತುದಿಗಳಿರುವ ಕೋಶಗಳಿವೆ. ಪಕ್ಕದಲ್ಲಿ ನೀರು ಒಂಚೂರು ಅಲುಗಿದರೂ ಅವಕ್ಕೆ ಗೊತ್ತಾಗುತ್ತದೆ. ನೀರು ಕದಡಿ ಏನೂ ಕಾಣದಿದ್ದಾಗಲೂ, ಕತ್ತಲಲ್ಲೂ, ಬೇಟೆ ಮೀನು ಹತ್ತಿರದ ಸಣ್ಣ ಮೀನಿನ ಬಾಲದ ಬಡಿತವನ್ನು ಹಿಡಿಯುತ್ತದೆ. ಗಾಳದಲ್ಲಿರುವ ಎರೆ ಈ ಬಡಿತವನ್ನು ಬಿಡದೆ ಕಳಿಸುತ್ತಿರಬೇಕು. ಅದರಲ್ಲೂ ದೊಡ್ಡ ಮೀನು ಹತ್ತಿರ ಬಂದಾಗ ಅದು ಬೆದರಬೇಕು, ದಿಕ್ಕು ಬದಲಿಸಬೇಕು. ಅರೆಜೀವವಾದ ಮೀನು ಇದನ್ನು ಮಾಡುವುದಿಲ್ಲ. ಮಗ್ಗುಲಾಗಿ ತೇಲುತ್ತಿರುತ್ತದೆ. ನೋಡೋಕೆ ಬದುಕೇ ಇದೆ, ಆದರೆ ಎರೆಯಾಗಿ ಅದರ ಬೆಲೆ ಅರ್ಧಕ್ಕಿಂತ ಕಮ್ಮಿ.

ಈಗ ಬಲೆಗೆ ಬರೋಣ. ಬೀಸುಬಲೆ ಅಂದರೆ ಒಂದು ದುಂಡನೆ ಬಲೆ. ನಡುವೆ ನೆತ್ತಿ, ನೆತ್ತಿಗೆ ಕಟ್ಟಿದ ಉದ್ದ ಹಗ್ಗ, ಸುತ್ತಲ ಅಂಚಿಗೆ ಸೀಸದ ಗುಂಡುಗಳು. ಕೆಲವು ಬಲೆಗಳಲ್ಲಿ ಅಂಚಿನಿಂದ ಹೊರಟ ದಾರಗಳು ಒಳಗಿನಿಂದ ಬಂದು ನೆತ್ತಿಯಲ್ಲಿರುವ ಬಳೆಯ ಮೂಲಕ ಹಾದು ಹಗ್ಗಕ್ಕೆ ಸೇರುತ್ತವೆ. ಹಗ್ಗ ಎಳೆದರೆ ಅಂಚೆಲ್ಲ ಒಳಗೆ ಸೇರಿ ಚೀಲವಾಗುತ್ತದೆ. ಇನ್ನು ಕೆಲವಕ್ಕೆ ಈ ದಾರಗಳೇ ಇಲ್ಲ. ಅಂಚನ್ನೇ ಒಳಕ್ಕೆ ಮಡಚಿ ಅಲ್ಲಲ್ಲಿ ಕಟ್ಟಿ ಜೇಬು ಮಾಡಿರುತ್ತಾರೆ. ಎಳೆಯುವಾಗ ಗುಂಡುಗಳು ತಳ ಸವರುತ್ತಾ ಒಟ್ಟಾಗುತ್ತವೆ, ಮೀನು ಜೇಬಿಗೆ ಸೇರುತ್ತದೆ. ಜೇಬಿನ ಬಲೆ ಬೇಕಾದಷ್ಟು ಮೀನು ಹಿಡಿಯುತ್ತದೆ, ಸುಳ್ಳಲ್ಲ. ಆದರೆ ಜೀವಂತ ಎರೆಗೆ ನಾನು ದಾರದ ಬಲೆಯನ್ನೇ ಆರಿಸುತ್ತೇನೆ. ಮೀನು ಬಿಡುವಾಗ ನೆತ್ತಿಯ ಬಳೆ ಹಿಡಿದು ಎತ್ತಿದರೆ ಸಾಕು, ದಾರಗಳು ಸಡಿಲವಾಗಿ ಬಲೆಯ ಅಡಿ ತೆರೆದುಕೊಳ್ಳುತ್ತದೆ, ಮೀನು ತಾನಾಗೇ ಕೆಳಗೆ ಜಾರುತ್ತದೆ. ಜೇಬಿನಿಂದಾದರೆ ಒಂದೊಂದನ್ನೇ ಕೈ ಹಾಕಿ ತೆಗೆಯಬೇಕು. ಕೈ ತಾಗಿದಷ್ಟೂ ಮೀನಿನ ಆಯಸ್ಸು ಕಮ್ಮಿ.

ಬಲೆಯ ಕಣ್ಣಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಕಣ್ಣು ದೊಡ್ಡದಾದರೆ ಸಣ್ಣ ಮೀನು ತೂರಿಕೊಂಡು ಹೋಗುತ್ತದೆ, ಅಷ್ಟೇ ಅಲ್ವಾ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ತೂರಿಕೊಂಡು ಪೂರ್ತಿ ಹೊರಗೆ ಹೋದರೆ ಪರವಾಗಿಲ್ಲ, ಅದು ಬದುಕಿಕೊಳ್ಳುತ್ತದೆ. ತೊಂದರೆ ಇರುವುದು ಅರ್ಧಕ್ಕೆ ಸಿಕ್ಕಿಕೊಳ್ಳುವ ಮೀನಿನದು. ತಲೆ ಹೊರಗೆ ಹೋಗುತ್ತದೆ, ಹೊಟ್ಟೆಯ ಭಾಗ ಹೋಗುವುದಿಲ್ಲ. ಹಿಂದಕ್ಕೆ ಬರೋಣ ಅಂದರೆ ದಾರ ಕಿವಿರಿನ ಮುಚ್ಚಳದ ಕೆಳಗೆ ಸಿಕ್ಕಿಕೊಂಡಿರುತ್ತದೆ. ಬಿಡಿಸುವಾಗ ಕಿವಿರು ಹರಿಯುತ್ತದೆ, ರಕ್ತ ಬರುತ್ತದೆ. ಕಿವಿರು ಹರಿದ ಮೀನು ಬದುಕುವುದಿಲ್ಲ. ಹಾಗಾಗಿ ಹಿಡಿಯಬೇಕಾದ ಮೀನಿನ ತಲೆಯೇ ತೂರದಷ್ಟು ಸಣ್ಣ ಕಣ್ಣು ಇರಬೇಕು. ಹೆಬ್ಬೆರಳಿನಷ್ಟು ಉದ್ದದ ಮೀನಿಗೆ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್. ಬೆರಳುದ್ದದ ಬೂತಾಯಿ (ಸಾರ್ಡೀನ್) ಜಾತಿಯವಕ್ಕೆ 3/8 ಇಂಚು, ಸುಮಾರು 9.5 ಮಿಲಿಮೀಟರ್. ಅಂಗೈಯಷ್ಟು ಬೆಳೆದ ಮಲೆಟ್ ಮೀನಿಗೆ ಅರ್ಧ ಇಂಚು ಆಗುತ್ತದೆ. ಕೊಳ್ಳುವಾಗ ಒಂದು ವಿಷಯ ಕೇಳಿಕೊಳ್ಳಿ. ಕೆಲವರು ಕಣ್ಣಿನ ಅಳತೆಯನ್ನು ಒಂದು ಗಂಟಿನಿಂದ ಪಕ್ಕದ ಗಂಟಿಗೆ ಹೇಳುತ್ತಾರೆ. ಕೆಲವರು ಕಣ್ಣನ್ನು ಎಳೆದು ಹಿಡಿದು ಎದುರುಬದುರಿನ ಗಂಟುಗಳ ನಡುವೆ ಅಳೆಯುತ್ತಾರೆ. ಎರಡನೆಯದು ಮೊದಲನೆಯದರ ಎರಡರಷ್ಟಾಗುತ್ತದೆ. ನಾನು ಇಲ್ಲಿ ಹೇಳಿದ್ದು ಮೊದಲನೆಯ ಅಳತೆ.

ಹಾಗಾದರೆ ಎಲ್ಲದಕ್ಕೂ ಕಾಲು ಇಂಚಿನ ಬಲೆಯನ್ನೇ ಇಟ್ಟುಕೊಂಡರಾಯಿತಲ್ಲ? ಆಗುವುದಿಲ್ಲ. ಕಣ್ಣು ಸಣ್ಣದಾದಷ್ಟೂ ದಾರ ಜಾಸ್ತಿ, ನೀರಿನ ತಡೆ ಜಾಸ್ತಿ, ಬಲೆ ಮುಳುಗುವುದು ನಿಧಾನ. ದೊಡ್ಡ, ಚುರುಕಿನ ಮೀನು ಅಷ್ಟರೊಳಗೆ ಅಂಚಿನ ಕೆಳಗಿಂದ ನುಸುಳಿ ಹೋಗಿರುತ್ತದೆ. ತೂಕ ಏರಿಸಿ ಇದನ್ನು ಸ್ವಲ್ಪ ಸರಿಮಾಡಬಹುದು. ಬಲೆಯ ನೆತ್ತಿಯಿಂದ ಅಂಚಿಗಿರುವ ಉದ್ದದಲ್ಲಿ ಅಡಿಗೆ ಸುಮಾರು 450ರಿಂದ 700 ಗ್ರಾಂ ಸೀಸ ಇರುವುದು ವಾಡಿಕೆ. ಅಂದರೆ 6 ಅಡಿ ಬಲೆಗೆ ಸುಮಾರು 3ರಿಂದ 4 ಕಿಲೋ. ಇದು ಒಣ ತೂಕ. ಒದ್ದೆಯಾದ ಬಲೆಯನ್ನು ಬೆಳಗಿನಿಂದ ಎತ್ತಿ ಎತ್ತಿ ಬೀಸುವ ಭುಜಕ್ಕೆ ಅದರ ಲೆಕ್ಕವೇ ಬೇರೆ.

ಅಳತೆಯ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಬೀಸುಬಲೆಯನ್ನು ಸಾಮಾನ್ಯವಾಗಿ ನೆತ್ತಿಯಿಂದ ಅಂಚಿಗೆ ಅಳೆಯುತ್ತಾರೆ. ಹಾಗಾಗಿ 4 ಅಡಿ ಬಲೆ ಪೂರ್ತಿ ಬಿಚ್ಚಿದರೆ 8 ಅಡಿ ಅಗಲ. ಅದು ಮುಚ್ಚುವ ಜಾಗ ಸುಮಾರು 50 ಚದರ ಅಡಿ. 6 ಅಡಿಯದು 113 ಚದರ ಅಡಿ. 8 ಅಡಿಯದು 201. ಉದ್ದ ಎರಡರಷ್ಟಾದರೆ ಜಾಗ ನಾಲ್ಕರಷ್ಟು. ಈ ಲೆಕ್ಕ ನೋಡಿ ದೊಡ್ಡ ಬಲೆಗೆ ಆಸೆಪಡುವುದು ಸಹಜ. ಆದರೆ ಪೂರ್ತಿ ಬಿಚ್ಚಿದ 5 ಅಡಿ ಬಲೆ ಅರ್ಧಂಬರ್ಧ ಬಿಚ್ಚಿದ 8 ಅಡಿ ಬಲೆಗಿಂತ ಎಷ್ಟೋ ಮೇಲು. ಜೀವಂತ ಎರೆಗಂತೂ ಸಣ್ಣ ಬಲೆಯೇ ವಾಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಣ್ಣ ಬಲೆಯಲ್ಲಿ ಒಂದು ಸಲಕ್ಕೆ ಸ್ವಲ್ಪವೇ ಮೀನು ಬರುತ್ತದೆ. ಒಂದರ ಮೇಲೊಂದು ಬಿದ್ದು ಅಮುಕಿಕೊಳ್ಳುವುದಿಲ್ಲ. ಐದು ನಿಮಿಷ ಬಿಟ್ಟು ಇನ್ನೊಂದು ಸಲ ಬೀಸಿದರಾಯಿತು.

ಬೀಸುವುದಕ್ಕಿಂತ ಮುಂಚೆ ನೋಡುವುದಿದೆ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಖುಷಿ ಕೊಡುವ ಭಾಗ ಇದು. ನೀರಿನ ಮೇಲೆ ಗಾಳಿ ಎಬ್ಬಿಸುವ ಅಲೆ ಒಂದು ರೀತಿ, ಮೀನಿನ ಗುಂಪು ಎಬ್ಬಿಸುವ ಅಲೆ ಇನ್ನೊಂದು ರೀತಿ. ಗಾಳಿಯ ಅಲೆಗೆ ಒಂದೇ ದಿಕ್ಕು. ಮೀನಿನ ಗುಂಪಿದ್ದಲ್ಲಿ ನೀರು ದಿಕ್ಕಿಲ್ಲದೆ ನಡುಗುತ್ತದೆ, ಮಳೆಹನಿ ಬಿದ್ದ ಹಾಗೆ ಚುಕ್ಕಿ ಚುಕ್ಕಿ ಕಾಣುತ್ತದೆ. ಮಗ್ಗುಲು ಹೊರಳಿಸಿದ ಮೀನಿನ ಬೆಳ್ಳಿ ಹೊಟ್ಟೆ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ. ಬೆಳ್ಳಕ್ಕಿ ದಡದಲ್ಲಿ ಕುತ್ತಿಗೆ ಮುಂದೆ ಚಾಚಿ ನಿಂತಿದ್ದರೆ ಅದು ಸುಮ್ನೆ ನಿಂತಿಲ್ಲ. ತಳದಲ್ಲಿ ಕೆಸರಿನ ಸಣ್ಣ ಮೋಡ ಎದ್ದರೆ ಯಾವುದೋ ಗುಂಪು ಈಗಷ್ಟೇ ಅಲ್ಲಿಂದ ಸರಿದಿದೆ. ಕಡಲಂಚಿನಲ್ಲಾದರೆ ಉಬ್ಬರ ಏರುವಾಗ ಸಣ್ಣ ಮೀನುಗಳು ಹೊಸದಾಗಿ ಮುಳುಗಿದ ಅಂಚಿಗೆ ಮೇಯಲು ಬರುತ್ತವೆ. ಇಳಿತದಲ್ಲಿ ತೊರೆಗಳ ಬಾಯಿಯಿಂದ ನೀರಿನ ಜತೆ ಹೊರಗೆ ಬರುತ್ತವೆ. ನಿಲ್ಲುವ ಜಾಗವನ್ನು ಇದರ ಮೇಲೆ ಆರಿಸಬೇಕು.

ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಇದ್ದರೆ ನೀರಿನ ಮೇಲಿನ ಥಳಥಳ ಹೋಗಿ ಒಳಗಿನದು ಕಾಣುತ್ತದೆ. ಸೂರ್ಯ ಬೆನ್ನಿಗಿದ್ದರೆ ನಮಗೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ನಮ್ಮ ನೆರಳು ಮೊದಲೇ ಹೋಗಿ ಮೀನಿನ ಮೇಲೆ ಬೀಳುತ್ತದೆ. ಸೂರ್ಯನನ್ನು ಒಂದು ಭುಜದ ಕಡೆ ಇಟ್ಟುಕೊಂಡರೆ ಎರಡೂ ಸರಿಹೋಗುತ್ತದೆ. ಇನ್ನೊಂದು ಸಂಗತಿ. ನೀರಿನ ವಕ್ರೀಭವನ ಸೂಚ್ಯಂಕ 1.33. ಇದರಿಂದಾಗಿ ಮೇಲಿನಿಂದ ನೋಡುವವರಿಗೆ 4 ಅಡಿ ಆಳದ ಮೀನು 3 ಅಡಿಯಲ್ಲೇ ಇದ್ದ ಹಾಗೆ ಕಾಣುತ್ತದೆ. ದೂರದಿಂದ ಓರೆಯಾಗಿ ನೋಡಿದರೆ ಇನ್ನೂ ಮೇಲೆ ಕಾಣುತ್ತದೆ. ಅಂದುಕೊಂಡದ್ದಕ್ಕಿಂತ ಆಳದಲ್ಲಿದೆ ಅಂದರೆ ಬಲೆ ತಲುಪಲು ಅಷ್ಟು ಹೊತ್ತು ಜಾಸ್ತಿ ಬೇಕು. ಅಷ್ಟರಲ್ಲಿ ಗುಂಪು ಮುಂದೆ ಹೋಗಿರುತ್ತದೆ. ಅದಕ್ಕೇ ಗುಂಪಿನ ಮೇಲೆ ಅಲ್ಲ, ಅದು ಹೋಗುತ್ತಿರುವ ದಾರಿಗೆ ಬೀಸಬೇಕು.

ನೋಡಿ ಬೀಸುವ ವಿಷಯದಲ್ಲಿ ಬ್ರೆಜಿಲ್‌ನ ಲಗೂನಾ ಅನ್ನುವ ಊರಿನ ಬೀಸುಬಲೆಯವರನ್ನು ಮೀರಿಸುವವರು ಸಿಗುವುದು ಕಷ್ಟ. ಅವರು ಸೊಂಟದಷ್ಟು ನೀರಿನಲ್ಲಿ ಸಾಲಾಗಿ ಬಲೆ ಹಿಡಿದು ಸುಮ್ಮನೆ ನಿಂತಿರುತ್ತಾರೆ. ಡಾಲ್ಫಿನ್‌ಗಳು ಮಲೆಟ್ ಮೀನಿನ ಗುಂಪನ್ನು ಅವರ ಕಡೆಗೆ ಅಟ್ಟಿಕೊಂಡು ಬರುತ್ತವೆ. ಬಂದು, ಒಂದು ವಿಶೇಷ ರೀತಿಯಲ್ಲಿ ಮುಳುಗು ಹಾಕುತ್ತವೆ. ಅದೇ ಸನ್ನೆ. ಆಗ ಬಲೆಗಳು ಬೀಳುತ್ತವೆ. ಚೆದುರಿದ ಮೀನು ಡಾಲ್ಫಿನ್‌ಗೆ ಸಿಗುತ್ತದೆ, ಬಲೆಯ ಒಳಗಿದ್ದದ್ದು ಮನುಷ್ಯರಿಗೆ. ನೂರು ವರ್ಷ ದಾಟಿದ ರೂಢಿ ಇದು. 2023ರಲ್ಲಿ ಇದರ ಮೇಲೆ ಒಂದು ದೊಡ್ಡ ಅಧ್ಯಯನವೂ ಪ್ರಕಟವಾಯಿತು. ಎರಡೂ ಕಡೆಯವರ ಹೊತ್ತು ಸರಿಯಾಗಿ ಹೊಂದಿದಾಗ ಎರಡೂ ಕಡೆಯವರಿಗೂ ಲಾಭ ಅಂತ ಅದು ತೋರಿಸಿತು. ಮ್ಯಾನ್ಮಾರ್‌ನ ಐರಾವತಿ ನದಿಯಲ್ಲೂ ಡಾಲ್ಫಿನ್‌ಗಳು ಬೀಸುಬಲೆಯವರ ಜತೆ ಹೀಗೇ ಕೂಡಿ ಮೀನು ಹಿಡಿಯುತ್ತವೆ. ಇವರು ಹಿಡಿಯುವುದು ಎರೆಗಲ್ಲ, ಊಟಕ್ಕೆ. ಆದರೂ ಇವರ ವಿಷಯ ಓದಿದಾಗಲೆಲ್ಲ ನನ್ನ ಗಮನ ಹೋಗುವುದು ಅವರು ನಿಂತಿರುವ ಹೊತ್ತಿನ ಮೇಲೆ. ಬೀಸುವುದು ಒಂದೆರಡು ಸೆಕೆಂಡಿನ ಕೆಲಸ. ಉಳಿದ ಹೊತ್ತೆಲ್ಲ ಕಾಯುವುದು, ನೋಡುವುದು. ಎರೆಗೆ ಬೀಸುವವರು ಇದನ್ನು ಕಲಿತರೆ ಸುಮ್ಮನೆ ಇಪ್ಪತ್ತು ಸಲ ಬಲೆ ಎಸೆದು ಇಡೀ ಜಾಗದ ಮೀನನ್ನು ಬೆದರಿಸುವುದು ತಪ್ಪುತ್ತದೆ.

ಸರಿ, ಎಸೆತ. ಹಗ್ಗದ ತುದಿಯ ಕುಣಿಕೆ ಎಡಗೈ ಮಣಿಕಟ್ಟಿಗೆ. ಹಗ್ಗವನ್ನು ಸುರುಳಿ ಸುತ್ತಿ ಅದೇ ಕೈಯಲ್ಲಿ ಹಿಡಿಯುವುದು. ನೆತ್ತಿ ಹಿಡಿದು ಬಲೆಯನ್ನು ಜೋಲು ಬಿಟ್ಟು, ಅರ್ಧದಲ್ಲಿ ಒಂದು ಮಡಿಕೆ ಹಾಕಿ ಮತ್ತೆ ಎಡಗೈಗೆ. ಅಂಚಿನ ಒಂದು ಗುಂಡನ್ನು ಎತ್ತಿ ಎಡಭುಜದ ಮೇಲೆ ಹಾಕಿಕೊಳ್ಳುವುದು. ಉಳಿದ ಅಂಚಿನಲ್ಲಿ ಅರ್ಧದಷ್ಟನ್ನು ಬಲಗೈಗೆ ಬಿಡಿಸಿಕೊಳ್ಳುವುದು. ಆಮೇಲೆ ಸೊಂಟದಿಂದ ಮೈ ತಿರುಗಿಸಿ ಬಿಡುವುದು. ತಾಕತ್ತು ಬರುವುದು ತೋಳಿನಿಂದಲ್ಲ, ಆ ತಿರುವಿನಿಂದ. ಬಲಗೈಯ ಅಂಚು ಮೊದಲು ಹೊರಡುತ್ತದೆ, ಎಡಗೈಯದು ಹಿಂದೆಯೇ, ಭುಜದ್ದು ಕೊನೆಗೆ. ಗುಂಡುಗಳು ಸುತ್ತುತ್ತಾ ಹೊರಗೆ ಎಳೆಯುತ್ತವೆ, ಬಲೆ ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಬಲೆ ಮಟ್ಟಸವಾಗಿ ಬಿದ್ದಿತೋ ಇಲ್ಲವೋ ಅನ್ನುವುದು ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುತ್ತದೆ. ಎಲ್ಲಾ ಗುಂಡುಗಳು ಒಟ್ಟಿಗೆ ತಾಗಿದರೆ ಒಂದೇ ಒಂದು ‘ಝಲ್’. ಓರೆಯಾಗಿ ಬಿದ್ದರೆ ಸದ್ದು ಹರಿದು ಹಂಚಿಹೋಗುತ್ತದೆ.

ಆ ಒಂದೇ ಸದ್ದು ಯಾಕೆ ಮುಖ್ಯ ಅಂದರೆ, ಮೀನಿನ ಮಿದುಳಿನ ಹಿಂಭಾಗದಲ್ಲಿ ಮೌತ್ನರ್ ಕೋಶ ಅಂತ ಒಂದು ಜೊತೆ ದೊಡ್ಡ ನರಕೋಶಗಳಿವೆ. ಇದ್ದಕ್ಕಿದ್ದಂತೆ ಸದ್ದು ಕೇಳಿದರೆ ಅವು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಹೊತ್ತಿನಲ್ಲೇ ಮೈಯನ್ನು ಬಿಲ್ಲಿನಂತೆ ಬಗ್ಗಿಸುತ್ತವೆ, ಮೀನು ಸದ್ದಿನ ಎದುರು ದಿಕ್ಕಿಗೆ ಚಿಮ್ಮುತ್ತದೆ. ಬಲೆಯ ಒಂದು ಕಡೆ ಮೊದಲು ಬಿದ್ದರೆ ಗುಂಪೆಲ್ಲ ಇನ್ನೂ ಬೀಳದ ಕಡೆಗೆ ಓಡಿಹೋಗುತ್ತದೆ. ಸುತ್ತ ಒಟ್ಟಿಗೆ ಬಿದ್ದರೆ ಎಲ್ಲಾ ದಿಕ್ಕಿನಿಂದಲೂ ಸದ್ದು, ಓಡಿದರೆ ನಡುವಿಗೇ ಓಡಬೇಕು.

ಅಂಚಿನ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಪದ್ಧತಿ ಜಗತ್ತಿನ ತುಂಬ ಕಡೆ ಇದೆ. ದಯವಿಟ್ಟು ಅದನ್ನು ಕಲಿಯಬೇಡಿ, ಮಕ್ಕಳಿಗಂತೂ ಕಲಿಸಲೇಬೇಡಿ. ಸೀಸ ವಿಷ. ಮಕ್ಕಳ ಮಿದುಳಿಗೆ ಅದರ ಯಾವ ಪ್ರಮಾಣವೂ ಕ್ಷೇಮವಲ್ಲ. ಸಮಯಕ್ಕೆ ಬಾಯಿ ಬಿಡದಿದ್ದರೆ ಹಲ್ಲಿಗೂ ಪೆಟ್ಟು. ಭುಜಕ್ಕೆ ಹಾಕಿಕೊಂಡು ಬೀಸಿದರೂ ಬಲೆ ಅಷ್ಟೇ ದುಂಡಗೆ ಬಿಚ್ಚುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು ಆಮೇಲೆ ಊಟ.

ವಾಚು, ಉಂಗುರ, ದೊಡ್ಡ ಗುಂಡಿಯ ಅಂಗಿ, ಇವೆಲ್ಲ ದೂರ ಇರಲಿ. ಹಳೇ ರೋಮ್‌ನ ಅಖಾಡದಲ್ಲಿ ರೆಟಿಯಾರಿಯಸ್ ಅಂತ ಒಬ್ಬ ಬಲೆಯ ಹೋರಾಟಗಾರ ಇರುತ್ತಿದ್ದ. ಅಂಚಿಗೆ ತೂಕ ಕಟ್ಟಿದ ಬಲೆ, ತ್ರಿಶೂಲ, ಒಂದು ಕಿರುಗತ್ತಿ ಅವನ ಆಯುಧ. ಅವನ ಎದುರಾಳಿ ಸೆಕ್ಯೂಟರ್‌ನ ಶಿರಸ್ತ್ರಾಣ ನುಣ್ಣಗೆ, ದುಂಡಗೆ ಇರುತ್ತಿತ್ತು. ಬಲೆ ಸಿಕ್ಕಿಕೊಳ್ಳಲು ಅದರಲ್ಲಿ ಒಂದು ಮೂಲೆಯೂ ಇರಲಿಲ್ಲ. ಬಲೆಗೆ ಸಿಕ್ಕಿಕೊಳ್ಳಲು ಎಷ್ಟು ಸಣ್ಣ ಮೂಲೆ ಸಾಕು ಅನ್ನುವುದು ಅವರಿಗೆ ಗೊತ್ತಿತ್ತು. ಕುಣಿಕೆಯನ್ನೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಾಗೆ ಇಟ್ಟುಕೊಳ್ಳಿ. ಹರಿವು ಜೋರಿರುವ ಕಡೆ ಬಲೆ ಮುಳುಗಿದ ಮರಕ್ಕೆ ಸಿಕ್ಕಿದರೆ, ದೋಣಿಯಲ್ಲಿದ್ದಾಗ ಬಲೆ ಮೋಟಾರಿನ ರೆಕ್ಕೆಗೆ ಸಿಕ್ಕಿದರೆ, ಕೈಗೆ ಕಟ್ಟಿದ ಹಗ್ಗ ಮನುಷ್ಯನನ್ನೇ ಎಳೆದುಕೊಂಡು ಹೋಗುತ್ತದೆ.

ಬಲೆ ತಳ ಮುಟ್ಟುವ ತನಕ ಹಗ್ಗ ಸಡಿಲ ಇರಬೇಕು. ಆಳ ಜಾಸ್ತಿ ಇದ್ದರೆ ಮುಳುಗುತ್ತಾ ಮುಳುಗುತ್ತಾ ಬಲೆಯ ಬಾಯಿ ಕಿರಿದಾಗುತ್ತದೆ. ಹಾಗಾಗಿ ಬಲೆಯ ಉದ್ದಕ್ಕಿಂತ ಕಮ್ಮಿ ಆಳದ ನೀರಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಟ್ಟಿದ್ದು ಹಗ್ಗದಲ್ಲೇ ತಿಳಿಯುತ್ತದೆ. ಆಗ ಒಂದು ಚುರುಕಾದ ಎಳೆತ, ದಾರಗಳು ಅಂಚನ್ನು ಒಳಗೆ ತಂದು ಬಾಯಿ ಮುಚ್ಚುತ್ತವೆ. ಅಲ್ಲಿಂದ ಮುಂದೆ ಅವಸರ ಬೇಡವೇ ಬೇಡ. ಬಲೆಯನ್ನು ದಡದ ಮರಳಿನ ಮೇಲೆ, ಕೆಸರಿನ ಮೇಲೆ ಎಳೆಯಬಾರದು. ಒಳಗಿರುವ ಮೀನು ಒಂದಕ್ಕೊಂದು ಉಜ್ಜಿಕೊಳ್ಳುತ್ತದೆ, ದಾರಕ್ಕೆ ಉಜ್ಜಿಕೊಳ್ಳುತ್ತದೆ, ಕಿವಿರಿಗೆ ಕೆಸರು ತುಂಬುತ್ತದೆ. ಹತ್ತಿರ ಬಂದ ಮೇಲೆ ಬಲೆ ಇನ್ನೂ ನೀರಿನಲ್ಲೇ ಇರುವಾಗ ಒಂದೆರಡು ಸಲ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಕೆಸರೂ ಕಸವೂ ತೊಳೆದುಹೋಗುತ್ತದೆ. ಆಮೇಲೆ ಎತ್ತಿ, ಸೀದಾ ನೀರು ತುಂಬಿದ ಟ್ಯಾಂಕಿನ ಮೇಲೆ ಹಿಡಿದು, ಅಂಚು ನೀರಿನ ಒಳಗೆ ಮುಳುಗಿದ ಮೇಲೆ ನೆತ್ತಿಯ ಬಳೆ ಹಿಡಿದು ಎತ್ತುವುದು.

ಈ ಘಳಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸರಿಯಾಗಿ ಬಂದ ಮೀನು ಬಲೆಯಿಂದ ಜಾರಿ ನೀರಿಗೆ ಬಿದ್ದ ಕೂಡಲೇ ತಳಕ್ಕೆ ಇಳಿಯುತ್ತದೆ, ಒಂದು ಸುತ್ತು ಹಾಕಿ ಉಳಿದವುಗಳ ಜತೆ ಸೇರಿಕೊಳ್ಳುತ್ತದೆ. ಬೆನ್ನು ಕಪ್ಪು ಹಸಿರು, ಮಗ್ಗುಲು ಕನ್ನಡಿ. ನೀರಿನಲ್ಲಿ ಏನೂ ತೇಲುವುದಿಲ್ಲ. ಕೆಟ್ಟದಾಗಿ ಎಳೆದು ತಂದದ್ದಾದರೆ ಟ್ಯಾಂಕಿನ ನೀರಿನ ತುಂಬ ಹುರುಪೆ ಮಿನುಗುತ್ತಿರುತ್ತದೆ, ಬೆರಳಿಗೂ ಅಂಟಿಕೊಂಡಿರುತ್ತದೆ. ನೋಡಲು ಚಂದ ಕಾಣುವ ಆ ಮಿನುಗು ಮೀನಿನ ಮೈಯಿಂದ ಹೋದ ಚರ್ಮ. ಬೂತಾಯಿ ಜಾತಿಯ ಮೀನಿನ ಹುರುಪೆ ಮುಟ್ಟಿದರೆ ಸಾಕು ಉದುರುತ್ತದೆ. ಹುರುಪೆಯೂ ಅದರ ಮೇಲಿನ ಲೋಳೆಯೂ ಮೀನಿಗೆ ಬೇಲಿ. ಅದು ಹೋದರೆ ಸೋಂಕು ತಗಲುತ್ತದೆ, ಮೈಯೊಳಗಿನ ಉಪ್ಪು ನೀರಿನ ಲೆಕ್ಕ ತಪ್ಪುತ್ತದೆ. ಕಡಲಿನಲ್ಲಿ ಮೈಯ ನೀರು ಹೊರಗೆ ಸೋರುತ್ತದೆ, ಸಿಹಿನೀರಿನಲ್ಲಾದರೆ ಹೊರಗಿನ ನೀರು ಒಳಗೆ ನುಗ್ಗುತ್ತದೆ. ಕೈಯಲ್ಲಿ ಹಿಡಿಯಲೇಬೇಕಾದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ, ಒಣ ಬಟ್ಟೆ ಲೋಳೆಯನ್ನು ಸವರಿ ತೆಗೆದುಬಿಡುತ್ತದೆ.

ಟ್ಯಾಂಕಿಗೆ ಬಿದ್ದ ಮೇಲೆ ಮೀನು ಸಾಯುವುದು ಬಹುತೇಕ ಉಸಿರುಗಟ್ಟಿ. 10 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 20 ಡಿಗ್ರಿಗೆ ಅದು 9 ಮಿಲಿಗ್ರಾಂ. 30 ಡಿಗ್ರಿಗೆ ಏಳೂವರೆ. ಕಡಲ ನೀರಿನಲ್ಲಿ ಇನ್ನೂ ಕಮ್ಮಿ, 30 ಡಿಗ್ರಿಗೆ ಆರಕ್ಕಿಂತ ಸ್ವಲ್ಪ ಮೇಲೆ. ಇದು ಒಂದು ಕಡೆ. ಇನ್ನೊಂದು ಕಡೆ, ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಜಾಸ್ತಿಯಾಗುತ್ತದೆ. ಬೆದರಿದ ಮೀನಿಗಂತೂ ಇನ್ನೂ ಜಾಸ್ತಿ. ಬರುವುದು ಕಮ್ಮಿ, ಖರ್ಚು ಜಾಸ್ತಿ. ಬಿಸಿಲಿನಲ್ಲಿಟ್ಟ ಬಕೆಟ್ಟಿನಲ್ಲಿ ಮೀನು ಸಾಯುವುದಕ್ಕೆ ಇದೇ ಕಾರಣ. ನೆರಳಿನಲ್ಲಿಡಿ, ಮುಚ್ಚಳ ಹಾಕಿ, ಸಣ್ಣ ಗಾಳಿ ಪಂಪು ಹಾಕಿ. ಗುಳ್ಳೆ ದೊಡ್ಡದಿರುವುದಕ್ಕಿಂತ ಸಣ್ಣದಿದ್ದು ಜಾಸ್ತಿ ಇದ್ದರೆ ಒಳ್ಳೆಯದು, ನೀರಿಗೆ ತಾಗುವ ಮೈ ಜಾಸ್ತಿ ಸಿಗುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮೇಲ್ಪದರದ ನೀರನ್ನು ಗುಟುಕರಿಸುತ್ತಿದ್ದರೆ ನೀರಿನಲ್ಲಿ ಉಸಿರಿಲ್ಲ ಅಂತ. ಆಗ ಮಾಡಬೇಕಾದದ್ದು ಅರ್ಧ ನೀರು ಚೆಲ್ಲಿ ಅದೇ ಜಾಗದ ಹೊಸ ನೀರು ತುಂಬುವುದು, ಕೆಲವು ಮೀನನ್ನು ವಾಪಸು ಬಿಡುವುದು.

ಟ್ಯಾಂಕು ದುಂಡಗಿರಬೇಕು ಅಂತ ಹೇಳುವುದಕ್ಕೂ ಕಾರಣವಿದೆ. ಬೂತಾಯಿಯಂಥ ಗುಂಪುಮೀನುಗಳು ನಿಲ್ಲದೆ ಈಜುತ್ತವೆ, ಈಜುವಾಗಲೇ ಕಿವಿರಿನ ಮೇಲೆ ನೀರು ಚೆನ್ನಾಗಿ ಹರಿಯುತ್ತದೆ. ಚೌಕ ಟ್ಯಾಂಕಿನಲ್ಲಿ ಅವು ಮೂಲೆಗೆ ಹೋಗಿ ಒತ್ತೊತ್ತಾಗಿ ನಿಲ್ಲುತ್ತವೆ, ಮೂತಿ ಉಜ್ಜಿಕೊಳ್ಳುತ್ತವೆ. ಚೌಕವೇ ಇದ್ದರೆ ಮೂಲೆಗಳಿಗೆ ಬಗ್ಗುವ ಪ್ಲಾಸ್ಟಿಕ್ ಹಾಳೆ ಇಟ್ಟು ದುಂಡು ಮಾಡಿಕೊಳ್ಳಬಹುದು. ನಲ್ಲಿಯ ನೀರು ಮಾತ್ರ ಬೇಡ. ಅದರಲ್ಲಿರುವ ಕ್ಲೋರಿನ್ ಕಿವಿರನ್ನು ಸುಡುತ್ತದೆ. ನೀರಿನಲ್ಲಿ ಹೊತ್ತು ಕಳೆದಂತೆ ಮೀನು ಬಿಡುವ ಅಮೋನಿಯಾ ಸೇರುತ್ತಾ ಹೋಗುತ್ತದೆ, ಅದೂ ವಿಷವೇ. ನೀರು ನೊರೆ ಕಟ್ಟಲು ಶುರುವಾದರೆ ಬದಲಾಯಿಸುವ ಹೊತ್ತು ಬಂದಿದೆ. ಸತ್ತ ಒಂದು ಮೀನನ್ನೂ ಒಳಗೆ ಬಿಡಬೇಡಿ.

ಗಾಳಕ್ಕೆ ಸಿಕ್ಕಿಸುವ ಬಗ್ಗೆ ಇಷ್ಟು ಸಾಕು. ಹರಿವು ಇರುವಲ್ಲಿ ಎರಡು ತುಟಿ ಸೇರಿಸಿ ಅಥವಾ ಮೂಗಿನ ತೂತಿನಲ್ಲಿ ಚುಚ್ಚಿದರೆ ಮೀನು ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ನಿಂತ ನೀರಿನಲ್ಲಿ ಬೆನ್ನಿನ ಈಜುರೆಕ್ಕೆಯ ಮುಂದೆ, ಮೇಲ್ಮಟ್ಟದಲ್ಲಿ, ಬೆನ್ನೆಲುಬಿಗೆ ತಾಗದ ಹಾಗೆ. ಸಿಗಡಿಗಾದರೆ ತಲೆಯ ಮುಂದಿನ ಕೊಂಬಿನ ಕೆಳಗೆ, ಒಳಗೆ ಕಾಣುವ ಕಪ್ಪು ಚುಕ್ಕೆಯನ್ನು ತಪ್ಪಿಸಿ. ಗಾಳ ತೆಳ್ಳಗಿದ್ದಷ್ಟೂ ಎರೆ ಬದುಕುವ ಹೊತ್ತು ಜಾಸ್ತಿ. ಜೀವ ಇರುವುದನ್ನು ಚುಚ್ಚುವುದು ಹಗುರವಾಗಿ ಮಾಡುವ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಬೇಕಾದಷ್ಟೇ ಹಿಡಿಯಬೇಕು ಅಂತ ನಾನು ಹಟ ಹಿಡಿಯುವುದೂ ಅದಕ್ಕೇ.

ಬೇಕಾದಷ್ಟು ಅಂದರೆ ಎಷ್ಟು? ಟ್ಯಾಂಕಿನ ನೀರು ಎಷ್ಟನ್ನು ಬದುಕಿಸಬಲ್ಲದೋ ಅದಕ್ಕಿಂತ ಒಂದೂ ಜಾಸ್ತಿಯಲ್ಲ. ಬಲೆ ಒಂದೇ ಏಟಿಗೆ ಟ್ಯಾಂಕಿಗಾಗುವುದರ ಹತ್ತು ಪಟ್ಟು ತರಬಹುದು. ಹಾಗೆ ತಂದಾಗ ಬಲೆಯನ್ನು ನೀರಿನಿಂದ ಎತ್ತಲೇಬೇಡಿ. ನೀರಿನಲ್ಲಿರುವಾಗಲೇ ಅಂಚು ಸಡಿಲಿಸಿ ಮುಕ್ಕಾಲು ಪಾಲು ಬಿಟ್ಟುಬಿಡಿ. ಬಲೆಗೆ ನಾವು ಕೇಳದ ಮೀನೂ ಬರುತ್ತದೆ. ದೊಡ್ಡದಾಗಿ ಬೆಳೆಯುವ ಜಾತಿಗಳ ಮರಿ, ಏಡಿಯ ಮರಿ, ಹೆಸರು ಗೊತ್ತಿಲ್ಲದವು. ವಾಪಸು ನೀರಿಗೆ ಹೋಗಲು ಅವಕ್ಕೆ ಮೊದಲ ಸರದಿ. ಎರೆ ಎಣಿಸುವುದು ಆಮೇಲೆ.

ಕಾನೂನು ಎಲ್ಲ ಕಡೆ ಒಂದೇ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1994ರಲ್ಲಿ ಜನರೇ ಮತ ಹಾಕಿ ತೀರದ ಹತ್ತಿರ ದೊಡ್ಡ ಬಲೆ ಹಾಕುವುದನ್ನು ನಿಷೇಧಿಸಿದರು. 1995ರ ಜುಲೈ 1ರಿಂದ ಅದು ಜಾರಿಗೆ ಬಂತು. ಅಲ್ಲಿ ಈಗಲೂ ಬೀಸುಬಲೆಗೆ ಅವಕಾಶವಿದೆ, ಆದರೆ ನೆತ್ತಿಯಿಂದ ಅಂಚಿಗೆ 14 ಅಡಿ ಮೀರಬಾರದು. ಕೆಲವು ಕಡೆ ಸಿಹಿನೀರಿನಲ್ಲಿ ಬೀಸುಬಲೆಯೇ ಬೇಡ ಅನ್ನುತ್ತಾರೆ, ಕೆಲವು ಕಡೆ ಯಾವ ಜಾತಿ ಹಿಡಿಯಬಹುದು ಅನ್ನುವ ಪಟ್ಟಿ ಇದೆ. ಬಲೆ ಒದ್ದೆಯಾಗುವ ಮೊದಲು ಅಲ್ಲಿಯ ನಿಯಮ ಕೇಳಿ ತಿಳಿದುಕೊಳ್ಳಿ.

ಉಳಿದ ಎರೆಯನ್ನು ಹಿಡಿದ ನೀರಿಗೇ ಬಿಡಬೇಕು. ಬೇರೆ ಕೆರೆಗೆ, ಬೇರೆ ಹೊಳೆಗೆ ಖಂಡಿತ ಬೇಡ. ಪಾಪ ಬದುಕಿಕೊಳ್ಳಲಿ ಅಂತ ಒಳ್ಳೆ ಮನಸ್ಸಿನಿಂದಲೇ ಜನ ಇದನ್ನು ಮಾಡುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೆ ಅಮೆರಿಕದ ಓಹಾಯೋ ನದಿ ಬಯಲಿನ ರಸ್ಟಿ ಕ್ರೇಫಿಷ್ ಅನ್ನುವ, ಸಿಗಡಿಯಂತೆ ಕಾಣುವ ಕೊಂಡಿಯ ಸಿಹಿನೀರ ಜೀವಿ ಹೀಗೇ ಎರೆಯ ಬಕೆಟ್ಟಿನಲ್ಲಿ ಊರೂರು ಸುತ್ತಿತು. ಹೋದ ಕೆರೆಗಳಲ್ಲಿ ನೀರಗಿಡಗಳನ್ನು ಕತ್ತರಿಸಿ ಹಾಕಿತು, ಅಲ್ಲಿನ ಬೇರೆ ಕ್ರೇಫಿಷ್‌ಗಳನ್ನು ಓಡಿಸಿತು. ಗಿಡ ಹೋದ ಮೇಲೆ ಮೀನಿನ ಮರಿಗಳಿಗೆ ಅಡಗಲು ಜಾಗ ಇಲ್ಲವಾಯಿತು. ಬಕೆಟ್ಟಿನ ನೀರನ್ನೂ ಬೇರೆ ನೀರಿಗೆ ಚೆಲ್ಲಬಾರದು, ಒಣ ನೆಲಕ್ಕೆ ಚೆಲ್ಲಬೇಕು. ಕಣ್ಣಿಗೆ ಕಾಣದ ಮೊಟ್ಟೆ, ಮರಿ, ರೋಗ ಅದರಲ್ಲಿರುತ್ತದೆ. ಬಲೆಯನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಮೊದಲು ಪೂರ್ತಿ ಒಣಗಿಸಿ.

ಒಣಗಿಸುವುದು ಅಂದರೆ ಬಿಸಿಲಿಗೆ ಹರವುವುದಲ್ಲ. ಹಿಂದೆ ಹತ್ತಿ, ನಾರಿನ ಬಲೆ ಇದ್ದಾಗ ಒದ್ದೆ ಉಳಿದರೆ ಕೊಳೆಯುತ್ತಿತ್ತು, ಅದಕ್ಕೆ ಮರದ ತೊಗಟೆಯ ಬಣ್ಣ ಕಟ್ಟಿ ಬಿಸಿಲಿಗೆ ಹಾಕುತ್ತಿದ್ದರು. 1935ರಲ್ಲಿ ಡುಪಾಂಟ್ ಕಂಪನಿಯ ವಾಲೇಸ್ ಕರೋದರ್ಸ್ ನೈಲಾನ್ ಮಾಡಿದ ಮೇಲೆ ನಿಧಾನಕ್ಕೆ ಬಲೆಗಳೆಲ್ಲ ಅದಕ್ಕೇ ತಿರುಗಿದವು. ನೈಲಾನ್ ಕೊಳೆಯುವುದಿಲ್ಲ. ಆದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಅದು ಸೋಲುತ್ತದೆ, ಗಡುಸಾಗಿ ಮುರಿಯುತ್ತದೆ. ಗಡುಸಾದ ದಾರ ಮೀನಿನ ಮೈಯನ್ನೂ ಜಾಸ್ತಿ ಕೆರೆಯುತ್ತದೆ. ಕಡಲಿನಿಂದ ಬಂದ ಬಲೆಯನ್ನು ಸಿಹಿನೀರಿನಲ್ಲಿ ಜಾಲಾಡಿ, ಕಸ ಬಿಡಿಸಿ, ನೆತ್ತಿ ಮೇಲೆ ಮಾಡಿ ನೆರಳಿನಲ್ಲಿ ತೂಗುಹಾಕಿ. ತೂಗುಹಾಕಿದಾಗಲೇ ಬೆಳಕಿಗೆ ಹಿಡಿದು ಸುತ್ತ ಒಮ್ಮೆ ನೋಡಿ. ಒಂದು ಕಣ್ಣು ಹರಿದಿದ್ದರೆ ಅವತ್ತೇ ಹೆಣೆಯಿರಿ. ಹೆಣೆದ ಗಂಟಿನ ತುದಿಯನ್ನು ಚಿಕ್ಕದಾಗಿ ಕತ್ತರಿಸಿ. ಉದ್ದ ಬಿಟ್ಟರೆ ಅದೇ ತುದಿ ಮುಂದಿನ ಸಲ ಮೀನಿನ ಕಣ್ಣಿಗೆ ಚುಚ್ಚುತ್ತದೆ.